ಎರಡು ಕೊಡ ನೀರು

“ಏ ಶಿದ್ಲ್ಯಾ, ಕುರ್ಚಿ ಎತ್ತೋ ಅಂದ್ರ ಹೆಣಾ ಎತ್ತಿದಂಗ ಎತ್ತಾಕತ್ತೀಯಲ್ಲೋ ಬೋಳಿಮಗನ. ಹೊತ್ತ ಮುಳುಗೂತನಾ ಇದನ್ನ ಮಾಡ್ತೀಯೇನು?”

ಚನ್ನವೀರಪ್ಪ ಸಾವಕಾರರು ತಮ್ಮ ಅಂಗಳದಲ್ಲಿ ನಿಂತು ಈ ಮಾತು ಅನ್ನುವ ಹೊತ್ತಿಗೆ ಸವಿತಾ ಸತ್ತು ಅರ್ಧ ತಾಸು ಆಗಿತ್ತು. ಅದು ನನಗೆ ಗೊತ್ತಿರಲಿಲ್ಲ. ನಾನು ಅವರ ಮನೆಯ ಮೆತ್ತೆ ಹಾಕಿದ ಕುರ್ಚಿಗಳನ್ನು ಒಂದೊಂದಾಗಿ ಟ್ರ್ಯಾಕ್ಟರಿಗೆ ಏರಿಸುತ್ತಿದ್ದೆ.

ಅಂದು ಭಾನುವಾರ. ಮರುದಿನ ನಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯನ್ನು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರುಗಳನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿಕೊಂಡ ಒಬ್ಬರಿಗೆ ಆ ವರ್ಷ ಪ್ರಶಸ್ತಿ ಕೊಡುವುದಿತ್ತು. ನಮ್ಮ ಶಾಲೆಯಿಂದ ಹೋದ ಹೆಸರು ಪ್ರಶಾಂತನದು. ಪ್ರಶಾಂತ ಸಾವಕಾರರ ಅಣ್ಣನ ಮಗ, ಶಾಲೆಯ ಕಂಪ್ಯೂಟರ್ ಮಾಸ್ತರ. ಸಾವಕಾರರು ಶಾಲಾ ಸಮಿತಿಯ ಅಧ್ಯಕ್ಷರು. ನಾನು ಮೂವತ್ತೊಂದು ವರ್ಷದಿಂದ ಅಲ್ಲಿಯ ಜವಾನ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು.

ಸಾವಕಾರರ ಫೋನು ಹೊಡೆದುಕೊಂಡಿತು. ಕಿವಿಗೆ ಹಚ್ಚಿಕೊಂಡು “ಹೇಳ್ರಿ ಹೆಡ್ ಮಾಸ್ತರ” ಅಂದರು. ನನ್ನ ಕಡೆ ಒಮ್ಮೆ ನೋಡಿ, ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಒಳಗೆ ಹೋದರು. ಹೊರಗೆ ಬಂದವರು ಬಾಗಿಲಲ್ಲೇ ನಿಂತರು.

“ಶಿದ್ಲಿಂಗಪ್ಪ, ಕುರ್ಚಿ ಅಲ್ಲೇ ಇಡು. ಕುಂದರು.”

ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕುಂದರು ಎಂದದ್ದೂ ಮೊದಲು. ಯಾರೋ ಹೋದರು ಎಂದು ತಿಳಿಯಿತು. ಯಾರು ಎನ್ನುವುದಷ್ಟೇ ತಿಳಿಯಬೇಕಿತ್ತು.

“ನಿನ್ನ ತಂಗಿ ಮಗಳಿಗೆ ಕರೆಂಟ ಹೊಡದೈತಂತ,” ಅಂದರು.

ನಾನು ಓಡಿದೆ. ಕುರ್ಚಿಯೊಂದು ಕೈಯಲ್ಲೇ ಇತ್ತು, ಅದನ್ನು ಶಾಲೆಯ ದಾರಿಯಲ್ಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ.

ಕಂಪ್ಯೂಟರ್ ಕೋಣೆಯ ಹೊರಗೆ ಅವಳ ಚಪ್ಪಲಿ ಜೋಡಿಸಿ ಇಟ್ಟಂತೆ ಇದ್ದವು. ಹೆಡ್ ಮಾಸ್ತರರು ಬಾಗಿಲಿಗೆ ಒಂದು ಮಾರು ದೂರ ನಿಂತಿದ್ದರು. ಪ್ರಶಾಂತ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಒಳಗೆ ಸವಿತಾ ಯುಪಿಎಸ್ ಇಟ್ಟ ಕಬ್ಬಿಣದ ಸ್ಟ್ಯಾಂಡಿಗೆ ಒಂದು ಕೈ ತಾಗಿಸಿಕೊಂಡು ಬಿದ್ದಿದ್ದಳು. ಯಂತ್ರಗಳೆಲ್ಲ ಚಾಲೂ ಇದ್ದವು. ಇಪ್ಪತ್ತೂ ಪರದೆಗಳು ಬೆಳಗುತ್ತಿದ್ದವು.

“ಮೇನ್ ಬಂದ್ ಮಾಡೀರೇನ್ರಿ?” ನಾನು ಕೂಗಿದೆ.

“ಮೇನ್ ಎಲ್ಲೈತೋ ನನಗೇನ ಗೊತ್ತು?” ಅಂದ ಪ್ರಶಾಂತ.

ಮೇನ್ ಆಫೀಸಿನ ಬಾಗಿಲ ಹಿಂದೆ ಇತ್ತು. ಕಸಬರಿಗೆ ತೂಗುಹಾಕುವ ಮೊಳೆಯ ಪಕ್ಕದಲ್ಲಿ. ನಾನು ಹೋಗಿ ಇಳಿಸಿದೆ. ಯುಪಿಎಸ್ಸಿನ ಬ್ಯಾಟರಿ ಎಂದೋ ಕೆಟ್ಟಿತ್ತು, ಇಪ್ಪತ್ತು ಪರದೆಗಳು ಒಮ್ಮೆಲೇ ಕಪ್ಪಾದವು. ಮರಳಿ ಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೆಗಲ ಮೇಲೆ ಅವಳು ಯಾವಾಗಲೂ ಹಾಕಿಕೊಳ್ಳುತ್ತಿದ್ದ ಬಿಳಿ ಅರಿವೆಯ ತುಂಡು ಇತ್ತು. ಯಾವ ಯಂತ್ರವನ್ನು ಮುಟ್ಟುವ ಮೊದಲೂ ಅದಕ್ಕೆ ಕೈ ಒರೆಸಿಕೊಳ್ಳುತ್ತಿದ್ದಳು. ಅವಳ ಎರಡೂ ಅಂಗೈ ಹಿಡಿದು ನೋಡಿದೆ. ಒಣಗಿದ್ದವು.

ಸ್ಟ್ಯಾಂಡಿನಿಂದ ಹೊರಟ ಹಸಿರು ತಂತಿ ಗೋಡೆಯ ತೂತಿನಿಂದ ಅಂಗಳಕ್ಕೆ ಹೋಗುತ್ತಿತ್ತು. ಅದು ಹೊರಗೆ ಎಲ್ಲಿಗೆ ಹೋಗಿ ಮುಗಿದಿದೆ ಎನ್ನುವುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

*

ಸವಿತಾ ನನ್ನ ತಂಗಿ ಸುಶೀಲವ್ವನ ಒಬ್ಬಳೇ ಮಗಳು. ಐಟಿಐ ಓದಿ, ಒಂದು ಏಜೆನ್ಸಿಯ ಗುತ್ತಿಗೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನಾಲ್ಕು ತಾಲ್ಲೂಕಿನ ನಲವತ್ತೊಂದು ಶಾಲೆಗಳ ಕಂಪ್ಯೂಟರುಗಳು ಅವಳೊಬ್ಬಳ ಪಾಲಿಗೆ. ಹಳೆಯ ಸ್ಕೂಟಿ, ಒಂದು ಚೀಲ, ಚೀಲದಲ್ಲಿ ತಿರುಪುಳಿ, ಮೀಟರು, ಹಲ್ಲುಜ್ಜುವ ಬ್ರಶ್ಶು. ಬ್ರಶ್ಶು ಯಾಕೆ ಎಂದು ಕೇಳಿದ್ದಕ್ಕೆ ನಮ್ಮ ಶಾಲೆಯ ಕೀಬೋರ್ಡು ಎತ್ತಿ ತೋರಿಸಿದ್ದಳು. ಪ್ರತಿ ಶುಕ್ರವಾರ ಹೆಡ್ ಮಾಸ್ತರರು ಯಂತ್ರಗಳಿಗೆ ಪೂಜೆ ಮಾಡಿಸುತ್ತಿದ್ದರು.

“ಮಾಮಾ, ನಿನ್ನ ದೇವರಿಗೆ ಒಂದ ಮಾತ ಹೇಳು. ಕುಂಕುಮ ಗುಂಡಿ ಒಳಗ ಹೊಕ್ಕು ಕುಂತ್ರ ಹುಡುಗೂರು ‘ಅಮ್ಮ’ ಅಂತ ಒತ್ತಿದ್ರ ಬರೇ ‘ಮ್ಮ’ ಬರತೈತಿ.”

ಅವಳ ಬಳಿ ಒಂದು ನೋಟುಬುಕ್ಕು ಇತ್ತು. ಯಾವ ಊರಿನಲ್ಲಿ ಯಾವ ದಿನ ಏನು ಸರಿ ಮಾಡಿದೆ ಎಂದು ಬರೆಯುತ್ತಿದ್ದಳು. ಊಟದ ಹೊತ್ತಿನಲ್ಲಿ ನಗಿಸಲೆಂದು ಓದಿ ಹೇಳುತ್ತಿದ್ದಳು. ಆಡೂರಿನಲ್ಲಿ ಯಂತ್ರದ ಪೆಟ್ಟಿಗೆ ತೆಗೆದರೆ ಒಳಗೆ ಹಲ್ಲಿಯ ಸಂಸಾರ. ಚಿಕ್ಕೇರೂರಿನಲ್ಲಿ ಇಲಿ ತಂತಿ ಕಡಿದು ಅದೇ ತಂತಿಯ ಸಿಪ್ಪೆಯಿಂದ ಗೂಡು ಮಾಡಿಕೊಂಡಿತ್ತು. ಪ್ರಶಸ್ತಿಯ ಅರ್ಜಿ ಬಂದಾಗ ಪ್ರಶಾಂತ ಆ ನೋಟುಬುಕ್ಕನ್ನು ಎರಡು ದಿನಕ್ಕೆಂದು ಇಸಿದುಕೊಂಡ.

“ಅರ್ಜಿಗೆ ನಿನ್ನ ಹೆಸರು ಬರಂಗಿಲ್ಲ ಸವಿತಾ,” ಎಂದು ಹೆಡ್ ಮಾಸ್ತರರು ತಿಳಿಸಿ ಹೇಳಿದ್ದರು. “ನೀ ಹೊರಗಿನಾಕಿ. ಸಾಲೀ ಸಿಬ್ಬಂದಿ ಅಲ್ಲ.”

ಅಂದು ಅವಳಿಗೆ ಪೇಪರ್ ಕಪ್ಪಿನಲ್ಲಿ ಚಹಾ ಬಂತು, ನನಗೂ ಪೇಪರ್ ಕಪ್ಪಿನಲ್ಲಿ. ಉಳಿದವರಿಗೆ ಸ್ಟೀಲಿನ ಲೋಟ. ಮೊದಲು ನಮ್ಮ ಕೇರಿಯವರಿಗೆ ಕಿಟಕಿಯಲ್ಲಿ ಬೇರೆ ಲೋಟ ಇಡುತ್ತಿದ್ದರು. ಪೇಪರ್ ಕಪ್ಪು ಬಂದ ಮೇಲೆ ಆ ಲೋಟಗಳು ಹೋದವು.

“ಪ್ರಶಸ್ತಿ ಅವಗ, ತಿರುಪುಳಿ ನನಗ,” ಎಂದು ಸವಿತಾ ನಕ್ಕಳು. ಮನೆಯ ದಾರಿಯಲ್ಲಿ ಮಾತ್ರ ಮೆಲ್ಲಗೆ ಅಂದಳು, “ಶಾಲು ಹೊದಿಸ್ತಾರಂತ ಮಾಮಾ. ಸಿಕ್ಕಿದ್ರ ಅವ್ವಗ ಹೊದಿಸ್ತಿದ್ನಿ. ಹೋಗ್ಲಿ ಬಿಡು.”

*

ಒಂದೂವರೆ ವರ್ಷದ ಹಿಂದೆ ಕಂಪ್ಯೂಟರ್ ಕೋಣೆಯ ಮುಂದೆ ಅಂಗಳದಲ್ಲಿ ಅವಳು ಒಂದು ಕುಣಿ ತೆಗೆಸಿದ್ದಳು. ತೆಗೆದವನು ನಾನೇ. ಎದೆಮಟ್ಟ ತೆಗೆದೆ. ಒಳಗೆ ಉದ್ದನೆಯ ಕೊಳವೆ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿ ಮಣ್ಣು ಮುಚ್ಚಿದೆವು. ಕೊಳವೆಯ ಬಾಯಿ ಒಂದು ಗೇಣು ಮೇಲೆ ಉಳಿಯಿತು. ಅದಕ್ಕೆ ಒಳಗಿನ ಹಸಿರು ತಂತಿ ಕಟ್ಟಿದಳು. ಅರ್ತಿಂಗ್ ಅಂದಳು.

“ಮಷೀನಿನ್ಯಾಗ ಕರೆಂಟ ದಾರಿ ತಪ್ಪಿದ್ರ ಈ ತಂತಿ ಹಿಡದು ಮಣ್ಣಿಗೆ ಇಳದು ಹೋಗತೈತಿ ಮಾಮಾ. ಮಣ್ಣು ಹಸೀ ಇರಬೇಕು ಅಷ್ಟ. ಈ ದಾರಿ ಇಲ್ಲಂದ್ರ ಎದುರಿಗೆ ಯಾರ ಮುಟ್ಟತಾರ ಅವರ ಮೈಯಾಗ ಇಳೀತೈತಿ. ದಿನಾ ಮುಂಜಾನೆ ಎರಡ ಕೊಡ ನೀರ ಹಾಕು. ಇದು ನಿನ್ನ ಕೆಲಸ, ಮರೀಬ್ಯಾಡ.”

ನಾನು ಮರೆಯಲಿಲ್ಲ. ನಮ್ಮ ಊರ ಬಸವಣ್ಣನ ಗುಡಿಯ ಹೊಸ್ತಿಲನ್ನು ನಮ್ಮ ಕೇರಿಯವರು ದಾಟುವಂತಿಲ್ಲ. ನಾನು ಹುಟ್ಟಿದಾಗಿನಿಂದ ಹೊರಗಿನ ಮೆಟ್ಟಿಲಿಗೆ ಹಣೆ ಹಚ್ಚಿ ಬಂದವನು. ದೇವರಿಗೆ ನನ್ನ ಕೈಯಿಂದ ಒಂದು ತಂಬಿಗೆ ನೀರು ಎರೆಯುವ ಭಾಗ್ಯ ಬಂದಿರಲಿಲ್ಲ. ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಶಾಲೆಯ ಬೀಗ ತೆಗೆದು, ಬೋರಿನಿಂದ ಎರಡು ಕೊಡ ತಂದು ಆ ಕೊಳವೆಯ ಬಾಯಿಗೆ ಸುರಿಯುವಾಗ ನನಗೆ ಅರಿವಿಲ್ಲದೆ ಬಾಯಲ್ಲಿ ‘ಶಿವ ಶಿವ’ ಬರುತ್ತಿತ್ತು. ಸವಿತಾ ಒಮ್ಮೆ ಅದನ್ನು ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದಳು.

“ಹೋಗ್ಲಿ, ಅರ್ತಿಂಗ್ ಸ್ವಾಮಿಗೆ ನೀನ ಪೂಜಾರಿ. ನಿನಗ ಯಾರೂ ಹೊರಗ ನಿಲ್ಲು ಅನ್ನಂಗಿಲ್ಲ.”

ಸಾಹೇಬರು ಬರುವ ಹದಿನೈದು ದಿನ ಮೊದಲು ಸಾವಕಾರರು ಅಂಗಳಕ್ಕೆ ಕೆಂಪು, ಹಳದಿ ಸಿಮೆಂಟಿನ ಕಲ್ಲು ಹಾಸಿಸಿದರು. ಕೊಳವೆ ನಡುವೆ ಬಂತು.

“ಇದೇನಲೇ ಅಂಗಳದ ನಡುವ, ಯಾರನ್ನೋ ಹುಗದು ಗೂಟಾ ಬಡದಂಗ?”

“ಅರ್ತಿಂಗ್ ಅಂತ್ರಿ ಸಾವಕಾರ್ರ. ಸವಿತಾ ಹಾಕ್ಯಾಳ್ರಿ. ದಿನಾ ನೀರ ಹಾಕು ಅಂದಾಳ್ರಿ.”

“ನಿಮ್ಮ ಕೇರ್ಯಾಗ ಇಂಜಿನಿಯರ್ ಹುಟ್ಯಾಳ ನೋಡು! ಸಾಹೇಬ್ರು ಎಡವಿ ಬಿದ್ರ ನಿನ್ನ ಚರ್ಮ ಸುಲೀತೇನಿ. ಕೊಯ್ದ ಒಗಿ.”

ನಾನು ಪ್ರಶಾಂತನ ಮುಖ ನೋಡಿದೆ. ಅವನು ಓದಿದವನು, ಏನಾದರೂ ಅಂದಾನು ಎಂದು.

“ಕೊಯ್ರಿ ಕಾಕಾ,” ಅಂದ ಪ್ರಶಾಂತ. “ಅದಿಲ್ಲಂದ್ರೂ ಮಷೀನ್ ನಡೀತಾವ.”

ಅದು ಸುಳ್ಳಲ್ಲ. ಯಂತ್ರಗಳು ನಡೆಯುತ್ತಿದ್ದವು.

ಗರಗಸ ನನ್ನ ಕೈಗೆ ಕೊಟ್ಟರು. ಕೊಳವೆಯನ್ನು ನೆಲದ ಮಟ್ಟಕ್ಕೆ ಕೊಯ್ದೆ. ತಂತಿ ಕಟ್ಟಿದ್ದ ತುಂಡು ಕಳಚಿ ಕೈಗೆ ಬಂತು. ಅದನ್ನು ಬಿಚ್ಚಿ, ತಂತಿಯನ್ನು ಸುತ್ತಿ, ಮರಳಿನ ಕೆಳಗೆ ಹುಗಿದೆ. ಮೇಲೆ ಒಂದು ಕೆಂಪು ಕಲ್ಲು ಕೂಡಿಸಿದರು. ಮರುದಿನ ಮುಂಜಾನೆ ಅಭ್ಯಾಸಬಲದಿಂದ ಎರಡು ಕೊಡ ತುಂಬಿಕೊಂಡು ಬಂದು ಆ ಕಲ್ಲಿನ ಮುಂದೆ ನಿಂತೆ. ಆಮೇಲೆ ನೀರನ್ನು ದಾಸವಾಳದ ಗಿಡಕ್ಕೆ ಹಾಕಿದೆ.

ಸವಿತಾಗೆ ಫೋನು ಮಾಡಲಿಲ್ಲ. ಹೇಳಿದರೆ ಬಂದು ಜಗಳಕ್ಕೆ ನಿಲ್ಲುತ್ತಾಳೆ, ಸಾವಕಾರರು ಏಜೆನ್ಸಿಗೆ ಒಂದು ಮಾತು ಅಂದರೆ ಅವಳ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಏಳು ತಿಂಗಳ ನೆನಪೂ ಇತ್ತು. ಸಾಹೇಬರು ಬಂದು ಹೋಗಲಿ, ಆಮೇಲೆ ಕಲ್ಲು ಎತ್ತಿ ಮೊದಲಿನಂತೆ ಮಾಡಿದರಾಯಿತು ಅಂದುಕೊಂಡೆ.

ಆ ಭಾನುವಾರ ಮುಂಜಾನೆ ಎಂಟಕ್ಕೆ ಅವಳು ಬಂದಳು. ನಿಂತುಹೋಗಿದ್ದ ಆರು ಯಂತ್ರಗಳನ್ನು ಅಂದೇ ಚಾಲೂ ಮಾಡಬೇಕೆಂದು ಹೆಡ್ ಮಾಸ್ತರರು ಕರೆಸಿದ್ದರು. ಅಂಗಳಕ್ಕೆ ಕಾಲಿಟ್ಟವಳೇ ನಿಂತಳು.

“ಮಾಮಾ, ಪೈಪ ಎಲ್ಲಿ?”

“ಕಲ್ಲಿನ ಕೆಳಗ ಐತಿ ತಾಯಿ. ಬಾಯಿ ಅಷ್ಟ ಮುಚ್ಯಾರ.”

“ತಂತಿ?”

“ತಂತಿ ಹಂಗ ಐತಿ.”

“ನೀರು?”

“ಕಲ್ಲಿನ ಸಂದ್ಯಾಗ ಹಾಕಾಕತ್ತೇನಿ.”

ಅವಳು ಚೀಲದಿಂದ ಮೀಟರು ತೆಗೆದಿದ್ದಳು. ಅದನ್ನು ಹಿಡಿದು ಪರೀಕ್ಷೆ ಮಾಡಿದರೆ ಎಲ್ಲ ಗೊತ್ತಾಗುತ್ತಿತ್ತು. ನನ್ನ ಮುಖ ನೋಡಿದಳು. ಮೀಟರನ್ನು ಮರಳಿ ಚೀಲದೊಳಗೆ ಇಟ್ಟಳು.

“ಆತು ಬಿಡು. ನೀ ಹೇಳಿದ ಮ್ಯಾಲ ಇನ್ನ ಮೀಟರ್ ಯಾಕ.”

ಅಷ್ಟರಲ್ಲಿ ಕುರ್ಚಿ ತರಲು ಸಾವಕಾರರ ಮನೆಯಿಂದ ನನಗೆ ಕರೆ ಬಂತು.

*

ಪೊಲೀಸ್ ಠಾಣೆಯಿಂದ ಜಮಾದಾರರು ಬಂದರು. ಯಾರೋ ಒಬ್ಬರು ಹೇಳಿಕೆ ಬರೆದುಕೊಡಬೇಕು, ಅಲ್ಲಿಯವರೆಗೆ ಹೆಣ ಕೊಡಲಾಗುವುದಿಲ್ಲ ಅಂದರು. ಆಫೀಸಿನ ಬಾಗಿಲು ಮುಚ್ಚಿ ಸಾವಕಾರರು ನನ್ನನ್ನು ಹತ್ತಿರ ಕರೆದರು. ಆ ಹೊತ್ತಿಗೆ ನಾನು ಮತ್ತೆ ಶಿದ್ಲ್ಯಾ ಆಗಿದ್ದೆ.

“ನೋಡಲೇ. ಸಾಲೀ ಕೀಲಿ ಯಾರ ಕೈಯಾಗಿತ್ತು? ನಿನ್ನ ಕೈಯಾಗ. ಅಕಿನ್ನ ಒಳಗ ಬಿಟ್ಟಾವ ಯಾರು? ನೀನು. ಆ ಪೈಪ ಕೊಯ್ದಾವ ಯಾರಪಾ?”

ಗರಗಸ ಹಿಡಿದಿದ್ದ ಕೈಯನ್ನು ನಾನು ಬೆನ್ನ ಹಿಂದೆ ಮಾಡಿದೆ.

“ಬಾಯಾಗ ಏನ ಇಟಗೊಂಡೀ? ಯಾರು?”

“ನಾನ್ರಿ.”

“ಕೇಸ ಆತು ಅಂದ್ರ ಮೊದಲ ಬೇಡಿ ಬೀಳೋದು ನಿನಗ. ನಿಮ್ಮ ಕೇರ್ಯಾಗಿನ ಮಂದಿ ಏನಂತಾರ? ಸ್ವಾದರಮಾವನ ಕೊಂದ ಅಂತಾರ. ನಿನ್ನ ತಂಗಿ ಮುಂದ ಯಾವ ಮಾರಿ ಹೊತ್ತಗೊಂಡ ನಿಲ್ತೀ? ಬರಿ ಸುಮ್ಮನ. ನಿನ್ನ ಅಕ್ಷರ ಚಂದ ಅದಾವು, ನೀನ ಬರಿ.”

ಹೆಡ್ ಮಾಸ್ತರರು ಬಿಳಿಯ ಹಾಳೆ ಮುಂದಿಟ್ಟರು. ಏಳನೆಯ ಇಯತ್ತೆಯವರೆಗೆ ನನಗೆ ಕಲಿಸಿದ ಮುದುಕ ಮಾಸ್ತರರು ಅಕ್ಷರ ಸೊಟ್ಟಗಾದರೆ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಮಾತು ನೆಟ್ಟಗಿರಬೇಕು, ಅಕ್ಷರವೂ ನೆಟ್ಟಗಿರಬೇಕು ಎನ್ನುತ್ತಿದ್ದರು. ಶಾಲೆಯ ಎಲ್ಲ ಬೋರ್ಡುಗಳನ್ನೂ ಬರೆದವನು ನಾನು. ಹೆಡ್ ಮಾಸ್ತರರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ:

‘ಸದರಿ ಸವಿತಾ ಇವಳು ಶಾಲೆಯ ಅನುಮತಿ ಇಲ್ಲದೆ ರಜಾ ದಿನದಂದು ತಾನಾಗಿಯೇ ಬಂದು, ಹಸಿ ಕೈಗಳಿಂದ ಯಂತ್ರವನ್ನು ಮುಟ್ಟಿ, ತನ್ನ ಅಜಾಗರೂಕತೆಯಿಂದ ಮೃತಳಾಗಿರುತ್ತಾಳೆ.’

ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಕೆಳಗೆ ಸಹಿ ಮಾಡಿದೆ.

ಮರುದಿನ ಕೇರಿಯ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದೆವು. ಕುಣಿಯಲ್ಲಿ ಕೂಡಿಸಿದ ಮೇಲೆ ನಮ್ಮಲ್ಲಿ ಉಪ್ಪು ಹಾಕುವ ಪದ್ಧತಿ. ಸ್ವಾದರಮಾವ ಮೊದಲು ಹಾಕಬೇಕು. ಉಪ್ಪಿನ ಬುಟ್ಟಿ ನನ್ನ ಕೈಗೆ ಕೊಟ್ಟರು. ಒಂದೂವರೆ ವರ್ಷದ ಹಿಂದೆ ಇಷ್ಟೇ ಆಳದ ಕುಣಿಯ ದಂಡೆಯ ಮೇಲೆ ನಿಂತು ಅವಳು, “ಉಪ್ಪಿನ್ಯಾಗ ಜಿಪುಣತನ ಮಾಡಬ್ಯಾಡ ಮಾಮಾ, ಸುರಿ,” ಅಂದಿದ್ದಳು. ನಾನು ಸುರಿದೆ.

*

ಸಾಹೇಬರ ಭೇಟಿ ಒಂದು ವಾರ ಮುಂದೆ ಹೋಯಿತು. ಬಂದರು, ಇಪ್ಪತ್ತು ಯಂತ್ರಗಳೂ ಚಾಲೂ ಇದ್ದುದನ್ನು ನೋಡಿದರು, ಅಂಗಳ ಬಹಳ ಚೆನ್ನಾಗಿದೆ ಎಂದರು. ಪ್ರಶಸ್ತಿ ನಮ್ಮ ಶಾಲೆಗೇ ಎಂದು ಗೊತ್ತಾಯಿತು. ಸಮಾರಂಭವನ್ನೂ ನಮ್ಮ ಅಂಗಳದಲ್ಲೇ ಮಾಡುವುದೆಂದು ಸಾವಕಾರರು ಹಟ ಹಿಡಿದು ಒಪ್ಪಿಸಿದರು.

ಸಮಾರಂಭದ ದಿನ ಮುಂಜಾನೆ ನಾನು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಸುಶೀಲವ್ವ ಬಂದು ಬಾಗಿಲಲ್ಲಿ ಕುಳಿತಳು. ಹದಿನೆಂಟು ದಿನದಲ್ಲಿ ಅವಳು ನನ್ನೊಡನೆ ಹೆಚ್ಚು ಮಾತಾಡಿರಲಿಲ್ಲ. ಮಡಿಲಲ್ಲಿ ಸವಿತಾಳ ಆ ಬಿಳಿ ಅರಿವೆ ಇತ್ತು.

“ಅಣ್ಣಾ, ಏಜೆನ್ಸ್ಯಾವರು ಪೋನ್ ಮಾಡಿದ್ರು. ಹಸಿ ಕೈಲೆ ಮುಟ್ಟ್ಯಾಳ, ತಪ್ಪ ಅಕೀದ ಅಂದ್ರು. ಹಂಗಂತ ನೀನ ಬರದುಕೊಟ್ಟೀಯಂತ.”

ನಾನು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

“ಮನ್ಯಾಗ ಮಿಕ್ಸರ್ ಮುಟ್ಟಬೇಕಾದ್ರೂ ಕೈ ಒರಸ್ಕೊಳಾಕಿ ಅಕಿ. ನನಗ ಬೈತಿದ್ಲು. ಅವ್ವಾ, ಕೈ ಹಸೀ ಅದಾವು, ಸರಿ ಅತ್ಲಾಗ ಅಂತಿದ್ಲು. ಮಂದಿ ಏನರ ಅನ್ಲಿ. ನೀ ಹೇಳು. ಖರೇನ ಅಕಿ ಕೈ ಹಸೀ ಇದ್ದುವೇನು?”

“ಹೂಂ,” ಅಂದೆ.

ಅವಳು ಅರಿವೆಯನ್ನು ಮಡಚಿದಳು. ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

“ಹಂಗಾರ ನಾ ಹಡದಾಕಿ, ನನಗ ಗೊತ್ತಿರಲಿಲ್ಲ ನೋಡು ನನ್ನ ಮಗಳು,” ಎಂದು ಎದ್ದು ಹೋದಳು.

ನಾನು ಬಸವಣ್ಣನ ಗುಡಿಯ ಮೆಟ್ಟಿಲಿಗೆ ಹೋದೆ. ಹಣೆ ಹಚ್ಚಲು ಬಾಗಿದೆ, ಆಗಲಿಲ್ಲ. ಹಾಗೆಯೇ ಶಾಲೆಗೆ ನಡೆದೆ.

*

ಶಾಮಿಯಾನವನ್ನು ಅಂಗಳದ ನಡುವೆಯೇ ಹಾಕಿದ್ದರು. ಮುಂದಿನ ಸಾಲಿಗೆ ಸಾವಕಾರರ ಮನೆಯ ಮೆತ್ತೆಯ ಕುರ್ಚಿಗಳು. ಆ ಕೆಂಪು ಕಲ್ಲು ಸಾಲಿನ ನಡುವಿನ ಕುರ್ಚಿಯ ಮುಂದೆ, ಸಾಹೇಬರು ಬೂಟು ಇಡುವಲ್ಲಿ ಬಂದಿತ್ತು. ನನಗೆ ಬಿಳಿಯ ಟೋಪಿ ಕೊಟ್ಟು, ಶಾಲು, ಹಾರ, ಫಲಕ ಇಟ್ಟ ತಟ್ಟೆಯನ್ನು ಹಿಡಿದು ವೇದಿಕೆಯ ಕೆಳಗೆ ನಿಲ್ಲುವಂತೆ ಹೇಳಿದ್ದರು.

“ಕರೆದಾಗ ಅಷ್ಟ ಬಾ. ಮ್ಯಾಲ ಹತ್ತಬ್ಯಾಡ. ತಟ್ಟಿ ಅಲ್ಲಿಂದನ ಕೊಡು,” ಎಂದಿದ್ದರು ಹೆಡ್ ಮಾಸ್ತರರು.

ಕನ್ನಡ ಕಲಿಸುವ ವಿದ್ಯಾಶ್ರೀ ಟೀಚರು ಬಿನ್ನವತ್ತಳೆ ಓದಲು ನಿಂತರು. ಪ್ರಶಾಂತ ಹೊಸ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಕುಳಿತಿದ್ದ.

“ನಾಲ್ಕು ತಾಲ್ಲೂಕಿನ ನಲವತ್ತೊಂದು ಶಾಲೆಗಳಲ್ಲಿ ಬಿಸಿಲು ಮಳೆ ಎನ್ನದೆ ಸಂಚರಿಸಿ, ಕೆಟ್ಟು ನಿಂತ ಯಂತ್ರಗಳಿಗೆ ಜೀವ ಕೊಟ್ಟ ಶ್ರೀ ಪ್ರಶಾಂತ ಅವರು, ಆಡೂರಿನಲ್ಲಿ ಒಂದೇ ದಿನ ಒಂಬತ್ತು ಯಂತ್ರಗಳನ್ನು ದುರಸ್ತಿ ಮಾಡಿ, ಚಿಕ್ಕೇರೂರಿನಲ್ಲಿ ಇಲಿಗಳು ಕಡಿದ ತಂತಿಗಳನ್ನು...”

ಅಲ್ಲಿ ಟೀಚರ ದನಿ ನಿಂತಿತು. ಒಂದು ಗುಟುಕು ನೀರು ಕುಡಿದರು. ಅವರೂ ಆ ನೋಟುಬುಕ್ಕಿನ ಓದು ಕೇಳಿ ನಕ್ಕವರು. ಆಮೇಲೆ ತಲೆ ತಗ್ಗಿಸಿ ಉಳಿದದ್ದನ್ನು ಓದಿ ಮುಗಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಗೇಟಿನ ಹೊರಗೆ ಸುಶೀಲವ್ವ ಸರಳು ಹಿಡಿದು ನಿಂತಿದ್ದಳು. ಮೈಕಿನಲ್ಲಿ ಬಂದ ಊರುಗಳ ಹೆಸರು ಅವಳಿಗೂ ಗೊತ್ತಿದ್ದವು.

“ಶಾಲು ತಗೊಂಡ ಬಾರಲೇ,” ಸಾವಕಾರರು ಹಲ್ಲು ಕಚ್ಚಿ ಅಂದರು.

ನಾನು ತಟ್ಟೆಯನ್ನು ವೇದಿಕೆಯ ಮೆಟ್ಟಿಲ ಮೇಲೆ ಇಟ್ಟೆ. ಟೋಪಿ ತೆಗೆದು ಅದರ ಮೇಲೆ ಇಟ್ಟೆ. ಆಫೀಸಿನ ಹಿಂದಿನ ಕೋಣೆಗೆ ಹೋಗಿ ಹಾರೆ ತಂದೆ. ಗಂಟೆ ಬಾರಿಸುವವನು, ಏನೋ ಕೆಲಸವಿರಬೇಕು ಎಂದು ಮಕ್ಕಳು ದಾರಿ ಬಿಟ್ಟರು. ಮುಂದಿನ ಸಾಲಿಗೆ ಬಂದು ಬಾಗಿದೆ.

“ಸಾಹೇಬ್ರ, ಕಾಲ ಸ್ವಲ್ಪ ಎತ್ರಿ.”

ಸಾಹೇಬರು ಎತ್ತಿದರು. ಕಲ್ಲಿನ ಸಂದಿಗೆ ಹಾರೆ ಹಾಕಿ ಮೀಟಿದೆ. ಕೆಂಪು ಕಲ್ಲು ಎದ್ದಿತು. ಎರಡನೆಯದನ್ನೂ ಎಬ್ಬಿಸಿದೆ. ಸಾಹೇಬರು ಕುರ್ಚಿ ಹಿಂದಕ್ಕೆ ದೂಡಿ ಎದ್ದು ನಿಂತರು.

“ಏ, ಏನ ಮಾಡಾಕತ್ತೀಯೋ ಸೂಳಿಮಗನ! ಕುಡದೀ ಏನು?” ಸಾವಕಾರರು ವೇದಿಕೆಯಿಂದ ಇಳಿದು ಬಂದರು. ನನ್ನ ಕೊರಳಪಟ್ಟಿಗೆ ಕೈ ಹಾಕಲು ಬಂದವರು ಹಾರೆಯನ್ನು ನೋಡಿ ನಿಂತರು. ನಾನು ಹಾರೆ ಎತ್ತಿರಲಿಲ್ಲ. ಅದು ನೆಲದಲ್ಲೇ ಊರಿತ್ತು.

ಕೈಯಿಂದ ಮರಳು ಬಗೆದೆ. ಸುತ್ತಿಟ್ಟ ಹಸಿರು ತಂತಿ ಸಿಕ್ಕಿತು. ಅದನ್ನು ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದೆ.

“ಇದು ಅಕಿ ಕಟ್ಟಿದ ತಂತಿ ಐತ್ರಿ. ಕರೆಂಟ ಮಣ್ಣಿಗೆ ಹೋಗೋ ದಾರಿ. ಇದನ್ನ ಕಟ್ಟಿದ ಪೈಪ ಕೊಯ್ದಾವ ನಾನು. ಕೊಯ್ಸಿದಾವ್ರು ಈ ಸಾವಕಾರ್ರು. ಮಷೀನ್ ನಡೀತಾವ ಅಂದಾವ್ರು ಮ್ಯಾಲ ಕೋಟ ಹಾಕ್ಕೊಂಡ ಕುಂತಾರ. ಸವಿತಾ ಕೇಳಿದ್ಲು, ತಂತಿ ಐತೇನ ಮಾಮಾ ಅಂತ. ಐತಿ ಅಂದೆ. ಆ ಕಾಗದಾ ಸುಳ್ಳ ಐತಿ. ಅಕಿ ಕೈ ಒಣಾ ಇದ್ದುವು.”

ಮಾತು ಇಷ್ಟೇ ಬಂತು. ದನಿ ದೊಡ್ಡದಿರಲಿಲ್ಲ. ಆದರೆ ಎರಡು ಮಾರು ದೂರದ ಮೈಕು ಚಾಲೂ ಇತ್ತು, ಗೇಟಿನವರೆಗೂ ಕೇಳಿಸಿತು.

“ಜಮಾದಾರ್ಗೆ ಪೋನ್ ಹಚ್ಚ್ರಿ ಮಾಸ್ತರ!” ಸಾವಕಾರರು ಕಿರಿಚಿದರು. “ಕೊಲೆ ಮಾಡೇನಿ ಅಂತ ಬಾಯಿಲೆ ಒಪಗೊಂಡಾನ ನೋಡ್ರಿ. ಎಲ್ಲಾರೂ ಕೇಳೀರಿ. ಮಗಳಂಥಾಕಿನ್ನ ಕೊಂದ ಭಾಡ್ಯಾ!”

“ಹಚ್ಚ್ರಿ,” ಅಂದೆ.

ಪ್ರಶಾಂತ ಕುರ್ಚಿಯಿಂದ ಎದ್ದು, ಎಲ್ಲಿಗೆ ಹೋಗುವುದೆಂದು ತಿಳಿಯದೆ, ಮತ್ತೆ ಕುಳಿತ. ವಿದ್ಯಾಶ್ರೀ ಟೀಚರು ಬಿನ್ನವತ್ತಳೆಯ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

ನಾನು ಬೋರಿನ ಹತ್ತಿರ ಹೋಗಿ ಎರಡು ಕೊಡ ತುಂಬಿದೆ. ಯಾರೂ ತಡೆಯಲಿಲ್ಲ. ಕೊಯ್ದ ಕೊಳವೆಯ ಬಾಯಿಗೆ ಮಣ್ಣು ತುಂಬಿತ್ತು, ಬೆರಳು ಹಾಕಿ ತೆಗೆದೆ. ಮೊದಲನೆಯ ಕೊಡ ಸುರಿದೆ. ಒಂದು ತಿಂಗಳು ನೀರು ಕಾಣದ ನೆಲ ಸರ್ರನೆ ಕುಡಿಯಿತು. ಬಾಯಿ ತೆರೆದೆ, ‘ಶಿವ’ ಎಂಬ ಆ ಎರಡು ಅಕ್ಷರ ಬರಲಿಲ್ಲ.

ಎರಡನೆಯ ಕೊಡಕ್ಕೆ ಕೈ ಹಾಕಿದಾಗ ಇನ್ನೊಂದು ಕೈ ಮೊದಲೇ ಅದನ್ನು ಹಿಡಿದಿತ್ತು. ಸುಶೀಲವ್ವ. ಗೇಟು ದಾಟಿ, ಮೆತ್ತೆಯ ಕುರ್ಚಿಗಳ ನಡುವೆ ಯಾವಾಗ ಬಂದಳೋ. ನನ್ನ ಮುಖ ನೋಡಲಿಲ್ಲ. ನಾನು ಕೈ ಬಿಟ್ಟೆ. ಅವಳು ಕೊಡವನ್ನು ಸೊಂಟಕ್ಕೆ ಏರಿಸಿ, ಬಾಗಿ, ಮಗುವಿನ ತಲೆಗೆ ನೀರು ಹಾಕುವವರಂತೆ ಮೆಲ್ಲಗೆ, ಕೊನೆಯ ಹನಿಯವರೆಗೆ ಸುರಿದಳು. ಆಮೇಲೆ ಮಡಿಲಿನ ಬಿಳಿ ಅರಿವೆಗೆ ತನ್ನ ಎರಡೂ ಕೈ ಒರೆಸಿಕೊಂಡಳು. ಬಂದ ದಾರಿಯಲ್ಲೇ ಹೋದಳು. ಅಣ್ಣಾ ಅನ್ನಲಿಲ್ಲ.

ರಸ್ತೆಯಲ್ಲಿ ಜೀಪಿನ ಸದ್ದು ಕೇಳುತ್ತಿತ್ತು. ನಾನು ಆ ಹಸಿ ಮಣ್ಣಿನ ಮುಂದೆ ಮೊಣಕಾಲೂರಿ ಕುಳಿತು ಹಣೆ ಹಚ್ಚಿದೆ.

ಶಿವ ಶಿವ. ಅಕಿ ಕೈ ಒಣಾ ಇದ್ದುವು, ನೀ ನೋಡೀ. ನನ್ನ ಪಾಪ ನನ್ನ ಮ್ಯಾಲ ಇರಲಿ, ಅದನ್ನ ಅಕಿ ಹೆಸರಿಗೆ ಹಚ್ಚಬ್ಯಾಡ. ನಲವತ್ತೊಂದು ಸಾಲಿ ತಿರುಗಿದ ಕಾಲು ಅವು, ದಣದಾವು. ಅಕಿ ಮಲಗಿದ ಮಣ್ಣು ತಂಪಿರಲಿ. ಸವಿತಾನ ಜೀವಕ್ಕ ಶಾಂತಿ ಕೊಡಪಾ, ನನ್ನ ತಂದೀ.